ಸೊನ್ನಲಿಗೆಯ ಸಿದ್ಧರಾಮನ ಐತಿಹ್ಯಗಳು

ಓದುಗರೆ, ಮೆಟ್ರಿಕ್ ಮುಗಿಸಿದ ಕೆಲವು ವರ್ಷಕ್ಕೆ, 1980ರ ಸುಮಾರಿಗೆ, ನಾನು ಸೊಲ್ಲಾಪುರದ ಒಂದು ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದೆ. ಆಗ ಕಂಪ್ಯೂಟರ್ ಇರಲಿಲ್ಲ. ಎರಡು ಕೈಯಿಂದ ಎತ್ತಬೇಕಾದಂಥ ಲೆಜರುಗಳು. ಅವುಗಳಲ್ಲಿ ಖಾತೆದಾರರ ಹೆಸರು ಹುಡುಕುವುದೇ ನನ್ನ ಮೊದಲ ವರ್ಷದ ಕೆಲಸ. ಒಂದೇ ಪುಟದಲ್ಲಿ ಸಿದ್ಧರಾಮ ಮೂರು ಮಂದಿ, ಮುಂದಿನ ಪುಟದಲ್ಲಿ ಸಿದ್ಧಪ್ಪ, ಅದರಾಚೆ ರೇವಣಸಿದ್ಧ, ಮಲ್ಲಿನಾಥ. ಹೆಣ್ಣುಮಕ್ಕಳ ಖಾತೆ ಆಗ ಕಡಿಮೆ. ಇದ್ದವರಲ್ಲಿ ಸುಗಲಾಬಾಯಿ ಎಂಬ ಹೆಸರು ಮೇಲಿಂದ ಮೇಲೆ ಬರುತ್ತಿತ್ತು. ಅವರಲ್ಲಿ ಕೆಲವರು ಮನೆಯಲ್ಲಿ ಕನ್ನಡ ಆಡುವವರು, ಕೆಲವರು ಮರಾಠಿ ಆಡುವವರು. ಹೆಸರು ಮಾತ್ರ ಒಂದೇ ಮನೆಯವು. ಸಿದ್ಧರಾಮ ಹನ್ನೆರಡನೆಯ ಶತಮಾನದ ಶಿವಯೋಗಿ. ಸುಗ್ಗವ್ವೆ ಅವನ ತಾಯಿ. ಅವನ ಜನನವನ್ನು ಮುಂಚೆಯೇ ನುಡಿದವನು ರೇವಣಸಿದ್ಧ. ಅವನನ್ನು ಹೊಲದಲ್ಲಿ ಬಂದು ಕಂಡವನು ಶ್ರೀಶೈಲದ ಮಲ್ಲಿನಾಥ. ಎಂಟುನೂರು ವರ್ಷದ ಹಿಂದಿನ ಒಂದು ಕಥೆ ಪಾತ್ರಗಳ ಸಮೇತ ನಮ್ಮ ಬ್ಯಾಂಕಿನ ಲೆಜರಿನಲ್ಲಿ ಸಾಲಾಗಿ ಕೂತಿತ್ತು.

ಇಂಥ ಕಥೆಗೆ ನಮ್ಮಲ್ಲಿ ಐತಿಹ್ಯ ಎಂಬ ಹೆಸರಿದೆ. ‘ಇತಿ ಹ’, ಅಂದರೆ ‘ಹೀಗೆ ನಡೆಯಿತಂತೆ’ ಎಂಬುದರಿಂದ ಬಂದ ಶಬ್ದ ಅದು. ಮೊದಲು ಹೇಳಿದವರು ಯಾರೆಂದು ತಿಳಿಯದೆ, ಬಾಯಿಂದ ಬಾಯಿಗೆ ಬಂದ ಮಾತು ಎಂದು ನಮ್ಮ ಹಿಂದಿನ ತರ್ಕಶಾಸ್ತ್ರದವರು ಅದಕ್ಕೆ ಲಕ್ಷಣ ಹೇಳಿದ್ದಾರೆ. ಪುರಾಣದ ಕಥೆ ದೇವಲೋಕದಲ್ಲಿಯೂ ನಡೆದೀತು. ಅಡುಗೂಲಜ್ಜಿಯ ಕಥೆ ಯಾವ ಊರಲ್ಲಿ ನಡೆದರೂ ನಡೆದೀತು. ಐತಿಹ್ಯ ಹಾಗಲ್ಲ. ಅದಕ್ಕೆ ಊರು ಬೇಕು, ಕೆರೆ ಬೇಕು, ಕೈಮಾಡಿ ತೋರಿಸಲು ಒಂದು ಕಲ್ಲಾದರೂ ಬೇಕು. ‘ಇಗೋ, ಇಲ್ಲೇ’ ಎಂದು ಹೇಳುವವರು ತೋರಿಸಬೇಕು. ಕೇಳುವವರು ‘ಹೌದೆ?’ ಎನ್ನಬೇಕು.

ಕನ್ನಡಕ್ಕೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ನಮ್ಮಲ್ಲಿ ‘ಅಂತೆ’ ಎಂಬ ಸಣ್ಣ ಮಾತಿದೆ. ನಮ್ಮ ಕಡೆಯ ಆಡುಮಾತಿನಲ್ಲಿ ಅದು ‘ಅಂತ’ ಆಗುತ್ತದೆ. ‘ಬಂದ’ ಎಂದರೆ ನಾನು ಕಂಡದ್ದು. ‘ಬಂದನಂತೆ’ ಎಂದರೆ ಕೇಳಿದ್ದು. ಈ ಒಂದು ಮಾತಿನಿಂದ ಹೇಳುವವರು ತಮ್ಮ ಜವಾಬ್ದಾರಿಯ ಮಿತಿಯನ್ನು ಹೇಳಿಬಿಡುತ್ತಾರೆ. ಐತಿಹ್ಯದ ಸ್ವಭಾವವೆಲ್ಲ ಈ ಮಾತಿನಲ್ಲಿದೆ ಎಂಬುದು ನನ್ನ ಎಣಿಕೆ. ಅದನ್ನು ಸೊಲ್ಲಾಪುರದ ನಾಲ್ಕು ಐತಿಹ್ಯಗಳಿಂದಲೇ ನಿಮಗೆ ಹೇಳಬೇಕೆಂದಿದ್ದೇನೆ.

ನಾವು ಅಕ್ಕಲಕೋಟೆ ತಾಲೂಕಿನವರು. ಸಿದ್ಧರಾಮನ ಕಥೆಯನ್ನು ನನಗೆ ಮೊದಲು ಹೇಳಿದವಳು ನಮ್ಮ ಆಯಿ, ತಂದೆಯ ತಾಯಿ. ಅಕ್ಷರ ಬಾರದವಳು. ಜೋಳ ಹಸನ ಮಾಡುತ್ತಾ ಹೇಳುತ್ತಿದ್ದಳು:

“ಸುಗ್ಗವ್ವನ ಮಗ ಭಾಳ ಮಂದ ಇದ್ದನಂತ. ಮಾತಿಲ್ಲ ಕಥಿಯಿಲ್ಲ. ದನ ಕಾಯಾಕ ಹೋಗಾಂವ. ಒಂದಿನ ಹೊಲದಾಗ ಕುಂತಾಗ ಒಬ್ಬ ಜಂಗಮಯ್ಯ ಬಂದನಂತ. ‘ಹಸಿವಾಗೇದ ಮಗಾ, ಏನರ ಕೊಡು’ ಅಂದನಂತ. ಈ ಹುಡುಗ ಸೀತನಿ ಸುಟ್ಟು ಕೊಟ್ಟ. ಜಂಗಮಯ್ಯ ತಿಂದ. ‘ಇದು ಉರಿ ಆತು, ಮಜ್ಜಿಗಿ ಅನ್ನ ತಾ’ ಅಂದ. ಹುಡುಗ ಮನಿಗಿ ಓಡಿದ. ತಾಯಿ ಮಜ್ಜಿಗಿ ಅನ್ನ ಕಲಿಸಿ ಕೊಟ್ಟಳಂತ. ತಗೊಂಡು ಬಂದು ನೋಡ್ತಾನ, ಅಲ್ಲಿ ಯಾರೂ ಇಲ್ಲ!”

ಅಲ್ಲಿಗೆ ಆಯಿಯ ದನಿ ಇಳಿಯುತ್ತಿತ್ತು. ಹುಡುಗ ಬುತ್ತಿ ಹಿಡಿದು ‘ಮಲ್ಲಯ್ಯಾ, ಮಲ್ಲಯ್ಯಾ’ ಎಂದು ಕೂಗುತ್ತಾ ಓಡುತ್ತಾನೆ. ಮಲ್ಲಯ್ಯನೆಂದರೆ ಶ್ರೀಶೈಲದಲ್ಲಿದ್ದಾನೆ ಎಂದು ಯಾತ್ರೆಯ ಜನ ಅವನನ್ನು ಕರೆದೊಯ್ಯುತ್ತಾರೆ. ಅಲ್ಲಿ ಲಿಂಗ ತೋರಿಸಿ ‘ಇವನೇ ಮಲ್ಲಯ್ಯ’ ಎನ್ನುತ್ತಾರೆ. ಹುಡುಗ ಒಪ್ಪುವುದಿಲ್ಲ. ಅವನು ಕಂಡ ಮಲ್ಲಯ್ಯ ಮಾತಾಡಿದವನು, ಹಸಿದವನು. ಹುಡುಕಿ ಹುಡುಕಿ ಸೋತು ರುದ್ರಗಮ್ಮರಿಯ ಕೊಳ್ಳಕ್ಕೆ ಧುಮುಕಲು ನಿಂತಾಗ ಮಲ್ಲಯ್ಯ ಬಂದು ಕೈಹಿಡಿಯುತ್ತಾನೆ. ‘ನಿನ್ನ ಊರಿಗೆ ಹೋಗು, ಅದನ್ನೇ ಶ್ರೀಶೈಲ ಮಾಡು’ ಎಂದು ಕಳುಹಿಸುತ್ತಾನೆ.

ದೊಡ್ಡವನಾದ ಮೇಲೆ ನನಗೆ ತಿಳಿಯಿತು, ಈ ಕಥೆಯನ್ನು ಹರಿಹರನ ಸೋದರಳಿಯ ರಾಘವಾಂಕ ‘ಸಿದ್ಧರಾಮಚಾರಿತ್ರ’ದಲ್ಲಿ ಷಟ್ಪದಿಯಲ್ಲಿ ಬರೆದಿದ್ದಾನೆ ಎಂದು. ಆಯಿ ರಾಘವಾಂಕನ ಹೆಸರನ್ನೇ ಕೇಳಿದವಳಲ್ಲ. ಆದರೂ ಹೊಲ, ಹಸಿವು, ಬುತ್ತಿ, ಕೊಳ್ಳ, ಒಂದೂ ತಪ್ಪಿರಲಿಲ್ಲ. ವ್ಯತ್ಯಾಸವಿರುವುದು ಸಣ್ಣ ಸಂಗತಿಗಳಲ್ಲಿ. ಒಬ್ಬರು ಮೊಸರನ್ನ ಎಂದರೆ ಇನ್ನೊಬ್ಬರು ಮಜ್ಜಿಗೆ ಅಂಬಲಿ ಎನ್ನುತ್ತಾರೆ. ಒಬ್ಬರು ನವಣೆಯ ತೆನೆ ಎನ್ನುತ್ತಾರೆ. ನಮ್ಮ ಆಯಿಗೆ ಅದು ಜೋಳದ ಸೀತನಿ, ಏಕೆಂದರೆ ನಮ್ಮ ಹೊಲದಲ್ಲಿ ಬೆಳೆಯುತ್ತಿದ್ದುದು ಜೋಳ. ಐತಿಹ್ಯ ಹೀಗೆ ನಡುಗಂಬವನ್ನು ಅಲುಗಿಸದೆ ಗೋಡೆಗೆ ತನ್ನ ಊರಿನ ಮಣ್ಣು ಮೆತ್ತಿಕೊಳ್ಳುತ್ತದೆ. ಹೇಳುವವರ ಹೊಲ ಕಥೆಯೊಳಗೆ ಬಾರದಿದ್ದರೆ ಆ ಕಥೆಯನ್ನು ಅವರು ಮೊಮ್ಮಗನಿಗೆ ಯಾಕೆ ಹೇಳಿಯಾರು?

ಇನ್ನು ಎರಡನೆಯದು, ಊರಿನ ಹೆಸರಿನ ಐತಿಹ್ಯ. ಹದಿನಾರು ಹಳ್ಳಿ ಸೇರಿ ಆದ ಊರು, ‘ಸೋಳಾ’ ಎಂದರೆ ಮರಾಠಿಯಲ್ಲಿ ಹದಿನಾರು, ಅದಕ್ಕೇ ಸೋಲಾಪುರ ಎಂದು ನನಗೆ ಶಾಲೆಯಲ್ಲಿ ಹೇಳಿದ್ದರು. ಕೇಳಲು ಚೆನ್ನಾಗಿದೆ. ಆದರೆ ಶಾಸನಗಳು ಇದನ್ನು ಒಪ್ಪುವುದಿಲ್ಲ. ಕಲ್ಯಾಣದ ಕಳಚುರಿಗಳ ಕಾಲದ, ಸಿದ್ಧರಾಮನಿಗೆ ಸಂಬಂಧಿಸಿದ ಶಾಸನದಲ್ಲಿ ಈ ಊರು ಸೊನ್ನಲಿಗೆ. ಮೋಹೋಳ ತಾಲೂಕಿನ ಕಾಮತಿಯಲ್ಲಿ ಸಿಕ್ಕ ಶಕ 1238ರ, ಅಂದರೆ ಕ್ರಿ.ಶ. 1316ರ ಸುಮಾರಿನ ಸಂಸ್ಕೃತ ಶಾಸನದಲ್ಲಿ ಸೋನಲಿಪುರ. ಸೊಲ್ಲಾಪುರದ ಕೋಟೆಯೊಳಗಿನ ಒಂದು ಶಾಸನದಲ್ಲಿ ಸೋನಲಪುರ, ಅಲ್ಲಿಯ ಬಾವಿಯ ಮೇಲಿನ ಇನ್ನೊಂದರಲ್ಲಿ ಸಂದಲಪುರ. ಬಾಯಲ್ಲಿ ಸವೆದು ಸವೆದು ಸೋಲಾಪುರವಾಯಿತು. ಇಂಗ್ಲಿಷರ ಬಾಯಲ್ಲಿ ಶೋಲಾಪುರವಾಯಿತು. ಹೆಜ್ಜೆ ಹೆಜ್ಜೆಗೂ ಗುರುತು ಇರುವಾಗ ಹದಿನಾರು ಹಳ್ಳಿಯ ಮಾತನ್ನು ಬಿಡಬೇಕಾಗುತ್ತದೆ.

ಹಾಗಾದರೆ ಅದು ಬರೀ ಸುಳ್ಳೆ? ಹೆಸರಿನ ಅರ್ಥ ಮರೆತುಹೋದಾಗ ಜನ ಸುಮ್ಮನೆ ಕೂಡುವುದಿಲ್ಲ. ತಮಗೆ ಗೊತ್ತಿರುವ ಭಾಷೆಯಲ್ಲಿ ಅದಕ್ಕೊಂದು ಅರ್ಥ ಹಚ್ಚುತ್ತಾರೆ. ಕನ್ನಡದ ಸೊನ್ನಲಿಗೆ ಎಂಬ ಹೆಸರು ಬಾಯಲ್ಲಿ ಉಳಿಯದೆ ಹೋದ ಮೇಲೆ ಹುಟ್ಟಿದ ಕಥೆ ಇದು. ಊರು ಹೇಗೆ ಆಯಿತೆಂಬುದನ್ನು ಇದು ಹೇಳಲಾರದು. ಊರಿನ ಬಾಯಿ ಯಾವಾಗ ಬದಲಾಯಿತೆಂಬುದಕ್ಕೆ ಮಾತ್ರ ಇದೊಂದು ಸಾಕ್ಷಿ. ಸುಳ್ಳಾದ ಐತಿಹ್ಯದಿಂದಲೂ ಕಲಿಯುವುದಿರುತ್ತದೆ, ಕಲ್ಲಿನ ಮಾತಿನ ಪಕ್ಕದಲ್ಲಿಟ್ಟು ನೋಡಿದರೆ.

ಮೂರನೆಯದು ಕೆರೆಯ ಐತಿಹ್ಯ. ಸೊಲ್ಲಾಪುರಕ್ಕೆ ಬಂದವರೆಲ್ಲ ಕೋಟೆಯ ಮಗ್ಗುಲಿನ ಸಿದ್ಧೇಶ್ವರ ಕೆರೆಯನ್ನೂ ಅದರ ನಡುವಿನ ಗುಡಿಯನ್ನೂ ನೋಡಿರುತ್ತಾರೆ. ಶ್ರೀಶೈಲದಿಂದ ಮರಳಿದ ಸಿದ್ಧರಾಮ ಶಿಷ್ಯರನ್ನು ಕೂಡಿಸಿಕೊಂಡು ಗುಡಿ ಕಟ್ಟಿಸಿದ, ಕೆರೆ ತೋಡಿಸಿದ, ಊರಿನ ಸುತ್ತ ಅರವತ್ತೆಂಟು ಲಿಂಗ ಸ್ಥಾಪಿಸಿದ ಎನ್ನುತ್ತಾರೆ. ಆಗ ಅಲ್ಲಮಪ್ರಭು ಬಂದನಂತೆ. ‘ನಿಮ್ಮ ಒಡ್ಡ ಸಿದ್ಧರಾಮ ಎಲ್ಲಿ?’ ಎಂದು ಕೇಳಿದನಂತೆ. ಕಲ್ಲು ಮಣ್ಣು ಹೊರುವವನು ಎಂಬ ಮಾತು ಅದು. ಶಿಷ್ಯರು ಸಿಟ್ಟಾಗಿ ಕಲ್ಲು ಬೀರಿದರು, ಒಂದೂ ತಾಗಲಿಲ್ಲ. ಸಿದ್ಧರಾಮ ಹಣೆಗಣ್ಣು ತೆರೆದ, ಆ ಉರಿಯೂ ಅಲ್ಲಮನನ್ನು ಸುಡಲಿಲ್ಲ. ಕಡೆಗೆ ಸಿದ್ಧರಾಮ ತಲೆಬಾಗಿ ಅಲ್ಲಮನೊಡನೆ ಕಲ್ಯಾಣಕ್ಕೆ ಹೋಗಿ ಶರಣರ ನಡುವೆ ಕೂತ. ಇದನ್ನು ವಿಸ್ತಾರವಾಗಿ ಹೇಳುವುದು ಹದಿನೈದನೆಯ ಶತಮಾನದ ಶೂನ್ಯಸಂಪಾದನೆ. ಕಪಿಲಸಿದ್ಧ ಮಲ್ಲಿಕಾರ್ಜುನ ಎಂಬ ಅಂಕಿತದಲ್ಲಿ ಸಿದ್ಧರಾಮನ ಸಾವಿರಕ್ಕೂ ಮಿಕ್ಕ ವಚನಗಳು ನಮಗೆ ಉಳಿದಿವೆ.

ಹಣೆಗಣ್ಣಿನ ಉರಿಗೆ ಶಾಸನ ಹುಡುಕಿ ಪ್ರಯೋಜನವಿಲ್ಲ. ಆದರೆ ಈ ಐತಿಹ್ಯ ಒಂದು ನಿಜವಾದ ಪ್ರಶ್ನೆಯನ್ನು ಹೊತ್ತು ತಂದಿದೆ. ಕೆರೆ ತೋಡುವುದು ದೊಡ್ಡದೋ, ಒಳಗನ್ನು ತೋಡುವುದು ದೊಡ್ಡದೋ ಎಂಬುದು ಆ ಪ್ರಶ್ನೆ. ಪುಸ್ತಕ ಅಲ್ಲಮನ ಕಡೆ ತೀರ್ಪು ಕೊಡುತ್ತದೆ. ನಮ್ಮ ಸೀಮೆಯ ಜನ ಅಲ್ಲಮನಿಗೆ ಕೈಮುಗಿದರೂ ಕೆರೆಯನ್ನು ಬಿಟ್ಟುಕೊಟ್ಟಿಲ್ಲ. ಕಾರಣ ಹೇಳುತ್ತೇನೆ. 1972ರ ಬರಗಾಲದಲ್ಲಿ ನನಗೆ ಹನ್ನೆರಡರ ವಯಸ್ಸು. ಬಾವಿಗಳು ಬತ್ತಿದವು. ಸರಕಾರ ಬರಗಾಲದ ಕಾಮಗಾರಿ ತೆಗೆಯಿತು. ಕೆರೆ ತೋಡುವುದು, ಕಲ್ಲು ಒಡೆಯುವುದು. ನಮ್ಮಪ್ಪ ನಾಲ್ಕು ಎಕರೆ ಹೊಲದ ಒಡೆಯ. ಬುಟ್ಟಿ ಸಲಿಕೆ ಹಿಡಿದು ಹೋಗಲು ಮೊದಲ ದಿನ ಅವನಿಗೆ ನಾಚಿಕೆಯಾಯಿತು. ಹೊಸ್ತಿಲಲ್ಲೇ ನಿಂತಿದ್ದ. ಆಗ ಆಯಿ ಹೇಳಿದ ಮಾತು ನನ್ನ ಕಿವಿಯಲ್ಲಿದೆ: “ಸಿದ್ಧರಾಮ ಕೆರಿ ತೋಡಿದ್ನಂತ. ನಿನಗೇನಾಗೇದ? ನಡಿ.”

ಅಪ್ಪ ಹೋದ. ನಾನೂ ರಜೆಯ ದಿನ ಅವನಿಗೆ ಬುತ್ತಿ ಒಯ್ದೆ. ಒಡ್ಡ ಎಂಬ ಬೈಗುಳ ಪುಸ್ತಕದಲ್ಲಿ ಸಿದ್ಧರಾಮನನ್ನು ಕೆಣಕಿತು. ನಮ್ಮ ಮನೆಯಲ್ಲಿ ಅದೇ ಕಥೆ ಒಬ್ಬ ಒಕ್ಕಲಿಗನ ಮಾನ ಕಾಯಿತು. ಐತಿಹ್ಯದ ಕೆಲಸ ಏನೆಂದು ಯಾರಾದರೂ ಕೇಳಿದರೆ ನಾನು ಈ ಒಂದು ಮುಂಜಾನೆಯನ್ನು ಹೇಳುತ್ತೇನೆ.

ನಾಲ್ಕನೆಯದು ಕುಂಬಾರ ಕನ್ಯೆಯ ಐತಿಹ್ಯ. ಇದರ ಮೇಲೆಯೇ ಸೊಲ್ಲಾಪುರದ ದೊಡ್ಡ ಜಾತ್ರೆ ನಿಂತಿದೆ. ಕುಂಬಾರರ ಹುಡುಗಿಯೊಬ್ಬಳು ಸಿದ್ಧರಾಮನನ್ನು ಮದುವೆಯಾಗುತ್ತೇನೆ ಎಂದಳಂತೆ. ಅವನು ಯೋಗಿ, ಒಲ್ಲೆನೆಂದ. ಅವಳು ಹಟ ಬಿಡಲಿಲ್ಲ. ಕಡೆಗೆ ‘ನನ್ನ ಯೋಗದಂಡದ ಜೊತೆ ಲಗ್ನವಾಗು’ ಎಂದನಂತೆ. ಆ ದಂಡವೇ ಇಂದಿನ ನಂದಿಧ್ವಜ. ಸಂಕ್ರಾಂತಿಯ ಸುಮಾರಿಗೆ ಏಳು ನಂದಿಧ್ವಜಗಳು ಹೊರಡುತ್ತವೆ. ಮುಗಿಲೆತ್ತರದ ಬಿದಿರು ಗಳಗಳು. ಬಿಳಿಯ ಬಾರಾಬಂದಿ ತೊಟ್ಟ ಗಂಡಸರು ಒಬ್ಬರಾದ ಮೇಲೊಬ್ಬರು ಸೊಂಟಕ್ಕೆ ಆನಿಸಿಕೊಂಡು ನೆಟ್ಟಗೆ ಹಿಡಿದು ನಡೆಯುತ್ತಾರೆ. ಮೊದಲ ದಿನ ಅರವತ್ತೆಂಟು ಲಿಂಗಗಳಿಗೆ ಎಣ್ಣೆ ಮಜ್ಜನ. ಮರುದಿನ ಸಮ್ಮತಿ ಕಟ್ಟೆಯ ಬಳಿ ಅಕ್ಷತೆ, ಅಂದರೆ ಮದುವೆ. ಲಕ್ಷಾಂತರ ಜನ ಒಮ್ಮೆಲೇ ಅಕ್ಕಿಕಾಳು ತೂರುತ್ತಾರೆ. ಅದರ ಮರುದಿನ ಹೋಮ. ಆ ರಾತ್ರಿ ದಿನವಿಡೀ ಉಪವಾಸ ಇರಿಸಿದ ಕರುವಿನ ಮುಂದೆ ಕಾಳುಕಡಿ ಇಟ್ಟು, ಅದು ಯಾವುದಕ್ಕೆ ಬಾಯಿಹಾಕುತ್ತದೆ ನೋಡಿ ಮಳೆ ಬೆಳೆಯ ಹೇಳಿಕೆ ಆಗುತ್ತದೆ. ಆಮೇಲೆ ಮದ್ದು ಸುಡುವುದು. ಕೊನೆಗೆ ಕಪ್ಪಡಕಳಿ.

ಇಲ್ಲಿ ಸ್ವಲ್ಪ ನಿಲ್ಲಿರಿ. ಮರಾಠಿ ಪತ್ರಿಕೆಗಳು ಪ್ರತಿ ಜನವರಿಯಲ್ಲೂ ‘ಯಣ್ಣಿಮಜ್ಜನ’, ‘ಕಪ್ಪಡಕಳಿ’ ಎಂದೇ ಅಚ್ಚು ಹಾಕುತ್ತವೆ. ಎಣ್ಣೆ, ಮಜ್ಜನ, ಕಟ್ಟೆ, ಇವು ಯಾವ ಭಾಷೆಯ ಬಳಕೆಯೆಂದು ನಿಮಗೆ ನಾನು ಹೇಳಬೇಕಿಲ್ಲ. ಕಪ್ಪಡ ಎಂದರೆ ಬಟ್ಟೆ. ಅದನ್ನು ಕಳೆಯುವುದು, ಅಂದರೆ ನಂದಿಧ್ವಜದ ಉಡುಗೆ ಇಳಿಸುವುದು, ಕಪ್ಪಡಕಳಿ. ಪೂಜೆಯ ಹಿರಿತನ ಹೊತ್ತ ಮನೆತನದ ಹೆಸರು ಹಿರೇಹಬ್ಬು. ಸೊನ್ನಲಿಗೆ ಎಂಬ ಹೆಸರನ್ನು ಮರೆತ ಊರು ಜಾತ್ರೆಯ ಮಾತನ್ನು ಮರೆಯಲಿಲ್ಲ. ಹೆಸರನ್ನು ಬರೀ ನಾಲಿಗೆ ಕಾಯಬೇಕಿತ್ತು. ಜಾತ್ರೆಯ ಮಾತನ್ನು ವರುಷಕ್ಕೊಮ್ಮೆ ಕೈಕಾಲು ಕೂಡ ಕಾಯುತ್ತವೆ.

ಇದನ್ನು ನಾನು ಒಮ್ಮೆ ಬ್ಯಾಂಕಿನಲ್ಲಿ ಹೆಮ್ಮೆಯಿಂದ ಹೇಳಿದೆ. ಹೇಳಿ ಅಲ್ಲಿಗೆ ಬಿಡಬೇಕಿತ್ತು. ‘ಅಂದಮೇಲೆ ಸಿದ್ಧರಾಮ ನಮ್ಮವನು, ಜಾತ್ರೆ ನಮ್ಮದು, ಊರೂ ನಮ್ಮದೇ’ ಎಂದುಬಿಟ್ಟೆ. ಕಿಟಕಿಯ ಆಚೆ ಪಾಸ್‌ಬುಕ್ ಹಿಡಿದು ನಿಂತಿದ್ದ ಒಬ್ಬ ಹಿರಿಯರು ಮರಾಠಿಯಲ್ಲಿ ಸಾವಕಾಶವಾಗಿ ಹೇಳಿದರು: ‘ಸಾಹೇಬರೆ, ನಮ್ಮ ಮನೆಯವರು ನಮ್ಮಜ್ಜನ ಕಾಲದಿಂದ ಕಾಠಿ ಹಿಡಿಯುತ್ತಾರೆ. ನನ್ನ ಹೆಗಲು ನೋಡಿರಿ.’ ನಂದಿಧ್ವಜಕ್ಕೆ ಅವರು ಕಾಠಿ ಎನ್ನುತ್ತಾರೆ. ನನಗೆ ಉತ್ತರ ಹೊಳೆಯಲಿಲ್ಲ. ಏಳು ಧ್ವಜಗಳ ಮಾನ ಬೇರೆ ಬೇರೆ ಸಮಾಜಗಳಿಗೆ ಹಂಚಿದೆ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ನಡೆಯುವ ಊರು ಇದು. ಶಬ್ದ ಕನ್ನಡದ್ದು ಎಂಬುದು ನಿಜ. ಆ ಶಬ್ದವನ್ನು ಹೆಗಲ ಮೇಲೆ ಹೊತ್ತು ಉಳಿಸಿದವರಲ್ಲಿ ಅವರೂ ಇದ್ದಾರೆ ಎಂಬುದೂ ಅಷ್ಟೇ ನಿಜ. ಆ ದಿನ ನಾನು ‘ಅಂತೆ’ ಬಿಟ್ಟು ಮಾತಾಡಿದ್ದೆ. ಐತಿಹ್ಯವನ್ನು ಹೊಲದ ಉತಾರೆಯ ಹಾಗೆ ಮೇಜಿನ ಮೇಲೆ ಬಡಿದಿದ್ದೆ. ರಾಜ್ಯಗಳ ವಿಂಗಡಣೆ 1956ರಲ್ಲಿ ಆಯಿತು. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಗಡಿಯ ವಾದಕ್ಕೆ ಕಾಗದಪತ್ರ, ಜನಗಣತಿ, ನ್ಯಾಯಾಲಯ ಇವೆ. ಮಜ್ಜಿಗೆ ಅನ್ನದ ಬುತ್ತಿಯನ್ನು ಅಲ್ಲಿಗೆ ಸಾಕ್ಷಿಯಾಗಿ ಎಳೆಯಬಾರದು.

ಕುಂಬಾರ ಕನ್ಯೆಯ ಕಥೆಗೆ ಮರಳುತ್ತೇನೆ. ನಮ್ಮ ಆಯಿ ಆ ಕಥೆಯನ್ನು ಯಾವಾಗಲೂ ಅಕ್ಷತೆಗೆ ಮುಗಿಸುತ್ತಿದ್ದಳು. “ಲಗ್ನ ಆತಂತ, ಎಲ್ಲಾರೂ ಉಂಡು ಹೋದರಂತ” ಎಂದು ಮೊರ ಝಾಡಿಸಿ ಏಳುತ್ತಿದ್ದಳು. ಮುಂದೇನಾಯಿತೆಂದು ಕೇಳಿದರೆ “ಮುಂದಿಂದು ನನಗ ಗೊತ್ತಿಲ್ಲ” ಎನ್ನುತ್ತಿದ್ದಳು. ಬ್ಯಾಂಕಿಗೆ ಸೇರಿದ ಮೇಲೆ ಹೋಮದ ದಿನ ಮೈದಾನದಲ್ಲಿ ನಿಂತು ನೋಡಿದಾಗ ನನಗೆ ಮುಂದಿನದು ತಿಳಿಯಿತು. ಸಜ್ಜೆಯ ದಂಟಿನ ಸೂಡಿಗೆ ಸೀರೆ ಉಡಿಸಿ, ಮುತ್ತೈದೆಯ ಅಲಂಕಾರ ಮಾಡಿ ಅಗ್ನಿಗೆ ಅರ್ಪಿಸುತ್ತಾರೆ. ಅದು ಕುಂಬಾರ ಕನ್ಯೆ. ದಂಡವನ್ನು ಲಗ್ನವಾದ ಹುಡುಗಿ ಬೆಂಕಿಗೆ ಹೋದಳಂತೆ.

ಆಯಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬಲಾರೆ. ಅವಳು ಹುಡುಗಿಯಾಗಿದ್ದಾಗಿನಿಂದ ಜಾತ್ರೆಗೆ ಹೋದವಳು. ಅವಳು ಹೇಳಲಿಲ್ಲ, ಅಷ್ಟೆ. ಐತಿಹ್ಯವನ್ನು ಹೇಳುವವರಿಗೆ ಅಷ್ಟು ಹಕ್ಕಿದೆ ಎಂದು ಈಗ ನನಗೆ ಅನಿಸುತ್ತದೆ. ಎಲ್ಲಿ ದನಿ ಏರಿಸಬೇಕು, ಎಲ್ಲಿ ಮೊರ ಝಾಡಿಸಿ ಏಳಬೇಕು ಎಂಬುದನ್ನು ಅವರೇ ಗೊತ್ತು ಮಾಡುತ್ತಾರೆ. ನನ್ನ ತಿಳಿವಳಿಕೆಯಲ್ಲಿ ಇದೂ ಒಂದು ವಿಮರ್ಶೆಯೇ.

ಕೆಲವು ವರ್ಷದ ಹಿಂದೆ ನನ್ನ ಮೊಮ್ಮಗಳನ್ನು ಅಕ್ಷತೆಗೆ ಕರೆದೊಯ್ದಿದ್ದೆ. ಅವಳದು ಇಂಗ್ಲಿಷ್ ಶಾಲೆ. ಗೆಳತಿಯರ ಸಂಗಡ ಮರಾಠಿ. ನನ್ನೊಡನೆ ಮಾತ್ರ ಕನ್ನಡ. ನಾನು ಕಥೆ ಹೇಳಿದೆ. ಸಿದ್ಧರಾಮನ ಹೆಸರು ಹೇಳಿದೆ, ತಾಯಿ ಸುಗ್ಗವ್ವೆ, ತಂದೆ ಮುದ್ದುಗೌಡ, ಮಲ್ಲಯ್ಯ, ರೇವಣಸಿದ್ಧ ಎಲ್ಲರ ಹೆಸರು ಹೇಳಿದೆ. ಅವಳು ಕೈಯಲ್ಲಿ ಅಕ್ಕಿ ಹಿಡಿದುಕೊಂಡು ಕೇಳಿದಳು: “ಮುತ್ಯಾ, ಆ ಹುಡುಗಿ ಹೆಸರೇನು?”

ನಲವತ್ತು ವರ್ಷ ಹೆಸರು ಬರೆದು ಹೊಟ್ಟೆ ಹೊರೆದವನು ನಾನು. ಹೆಸರಿಲ್ಲದೆ ಖಾತೆ ತೆರೆಯಲು ಬರುವುದಿಲ್ಲ. ಆದರೆ ಈ ಪ್ರಶ್ನೆ ನನಗೆ ಎಂದೂ ಹೊಳೆದಿರಲಿಲ್ಲ. ಜಾತ್ರೆಯೆಲ್ಲ ಅವಳ ಮದುವೆಯದು. ನಾನು ಕೇಳಿದ ಯಾವ ಕಥೆಯಲ್ಲಿಯೂ ಅವಳಿಗೆ ಹೆಸರಿಲ್ಲ. ಕುಂಬಾರರ ಹುಡುಗಿ, ಅಷ್ಟೇ. “ಕಥಿಯೊಳಗ ಹೇಳಿಲ್ಲವ್ವ” ಎಂದೆ. “ಯಾಕ?” ಎಂದಳು. ಅಷ್ಟರಲ್ಲಿ ಅಕ್ಷತೆ ಬಿತ್ತು. ನಾವೂ ತೂರಿದೆವು.

ಆ ‘ಯಾಕ’ವನ್ನು ನಾನು ಮುಚ್ಚಿಡುವುದಿಲ್ಲ. ಐತಿಹ್ಯ ಏನನ್ನು ಕಾದಿಟ್ಟಿದೆ ಎಂದು ಹೇಳುವಾಗ ಏನನ್ನು ಬಿಟ್ಟಿದೆ ಎಂಬುದನ್ನೂ ಹೇಳಬೇಕು. ಯೋಗಿಯ ಹೆಸರನ್ನು ಕಾದಿದೆ, ತಾಯಿಯ ಹೆಸರನ್ನೂ ಕಾದಿದೆ, ಮಡಕೆ ಮಾಡುವವರ ಮಗಳ ಹೆಸರನ್ನು ಕಾಯಲಿಲ್ಲ. ಆದರೂ ಆ ಹುಡುಗಿಯ ಹಟವನ್ನು ಮಾತ್ರ ಮರೆಯಲು ಅದಕ್ಕೆ ಆಗಲಿಲ್ಲ. ‘ಒಲ್ಲೆ’ ಎಂದವನ ಊರು ಎಷ್ಟೋ ತಲೆಮಾರಿನಿಂದ ಪ್ರತಿ ಸಂಕ್ರಾಂತಿಗೆ ಅವಳ ಲಗ್ನ ಮಾಡುತ್ತಲೇ ಬಂದಿದೆ.

ಓದುಗರೆ, ನಿಮ್ಮಲ್ಲಿ ಕೆಲವರು ಜತ್ತಿನವರಿರಬಹುದು, ಕೆಲವರು ತಾಳವಾಡಿಯವರು, ಕಾಸರಗೋಡಿನವರು, ಆದವಾನಿಯವರು ಇರಬಹುದು. ನಿಮ್ಮ ಊರಿಗೂ ಒಂದು ಕೆರೆ, ಒಂದು ಕಟ್ಟೆ, ಒಂದು ‘ಅಂತೆ’ ಇದ್ದೇ ಇರುತ್ತದೆ. ಸುತ್ತಲಿನ ಶಾಲೆ, ಕಚೇರಿ, ಅಂಗಡಿ ಬೇರೆ ಭಾಷೆಯಲ್ಲಿ ನಡೆಯುವಾಗ ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಬೀಳುವ ಒಂದು ಜಾಗ ಇದು. ಹಾಗಾಗಿ ಹೇಳಿರಿ. ಶಾಸನ ಸಿಕ್ಕರೆ ಪಕ್ಕದಲ್ಲಿಟ್ಟು ಹೇಳಿರಿ. ತಪ್ಪಿದ್ದನ್ನು ತಪ್ಪೆಂದೇ ಹೇಳಿರಿ. ಆದರೆ ‘ಅಂತೆ’ಯನ್ನು ಮಾತ್ರ ಬಿಡಬೇಡಿರಿ. ಅದನ್ನು ಬಿಟ್ಟವರಲ್ಲಿ ಒಬ್ಬ ಐತಿಹ್ಯ ಹಿಡಿದು ಜಗಳಕ್ಕೆ ಹೋಗುತ್ತಾನೆ, ಇನ್ನೊಬ್ಬ ಅದನ್ನು ಸುಳ್ಳೆಂದು ಒಗೆದುಬಿಡುತ್ತಾನೆ. ಅದನ್ನು ಇಟ್ಟುಕೊಂಡವರ ಮನೆಯಲ್ಲಿ ಮಕ್ಕಳು ಪ್ರಶ್ನೆ ಕೇಳುತ್ತಾರೆ.

ನನ್ನ ಮೊಮ್ಮಗಳು ಆ ಹುಡುಗಿಗೆ ತಾನೇ ಒಂದು ಹೆಸರಿಟ್ಟಿದ್ದಾಳೆ. ಏನೆಂದು ನನಗೂ ಹೇಳಿಲ್ಲ. ದೊಡ್ಡವಳಾಗಿ ತನ್ನ ಮಕ್ಕಳಿಗೆ ಈ ಕಥೆ ಹೇಳುವಾಗ ಹೇಳುತ್ತಾಳಂತೆ.